ನಕ್ಷತ್ರ ಕುಸಿದಾಗ, ಕಪ್ಪುಕುಳಿ ಕರಗುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಗಳಲ್ಲಿ, ಟೆಲಿಸ್ಕೋಪ್ ಸುತ್ತ ನಿಂತ ರಾತ್ರಿಗಳಲ್ಲಿ, ಬಂದ ಕಾಗದಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ಕನ್ನಡದಲ್ಲಿ ಕಪ್ಪುಕುಳಿ, ಕಪ್ಪು ರಂಧ್ರ, ಕೃಷ್ಣವಿವರ ಮೂರೂ ಓಡಾಡುತ್ತವೆ. ನಾನು ಕಪ್ಪುಕುಳಿ ಅನ್ನುತ್ತೇನೆ, ಬಾಯಿಗೆ ಹಗುರ.

## ಮೊದಲ ಪ್ರಶ್ನೆಗಳು

ಸಾರ್, ಕಪ್ಪುಕುಳಿ ಅಂದ್ರೆ ನಿಜವಾಗ್ಲೂ ಆಕಾಶದಲ್ಲಿ ಒಂದು ತೂತಾ?

ಅಲ್ಲ. ತೂತಿಗೆ ಆಚೆ ಬದಿ ಇರುತ್ತದೆ. ಇದಕ್ಕೆ ಇರುವುದು ಗಡಿ ಮಾತ್ರ. ಭಾರೀ ತೂಕ ಪುಟ್ಟ ಜಾಗಕ್ಕೆ ಸೇರಿಕೊಂಡರೆ ಅದರ ಸುತ್ತ ಒಂದು ಗಡಿ ಹುಟ್ಟುತ್ತದೆ. ಅದರೊಳಗೆ ಹೋದ ಯಾವುದೂ, ಬೆಳಕು ಕೂಡ, ವಾಪಸ್ ಬರುವುದಿಲ್ಲ. ಈ ಗಡಿಗೆ ಘಟನಾ ದಿಗಂತ ಎಂದು ಹೆಸರು. ಭೂಮಿಯನ್ನು ಕಪ್ಪುಕುಳಿ ಮಾಡಬೇಕಾದರೆ ಇಡೀ ಭೂಮಿಯನ್ನು ಹಿಂಡಿ 9 ಮಿಲಿಮೀಟರ್ ತ್ರಿಜ್ಯಕ್ಕೆ ಇಳಿಸಬೇಕು. ಅಂದರೆ ಮಕ್ಕಳಾಡುವ ಒಂದು ಗೋಲಿಯಷ್ಟು. ಸೂರ್ಯನಾದರೆ 3 ಕಿಲೋಮೀಟರ್ ತ್ರಿಜ್ಯ.

ಆ ಗಡಿಯಲ್ಲಿ ಗೋಡೆಯಿಲ್ಲ, ಚರ್ಮವಿಲ್ಲ. ದಾಟುವವನಿಗೆ ದಾಟಿದ್ದೇ ಗೊತ್ತಾಗದು. ಇದೊಂದನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಬರುವ ದೊಡ್ಡ ಜಗಳಕ್ಕೆಲ್ಲ ಮೂಲ ಈ ಏನೂ ಇಲ್ಲದ ಗಡಿಯೇ.

ಅದು ಸುತ್ತಲಿದ್ದದ್ದನ್ನೆಲ್ಲ ಹೀರಿಕೊಳ್ಳುತ್ತಂತೆ ಹೌದಾ?

ಇಲ್ಲ. ಸೂರ್ಯನನ್ನು ತೆಗೆದು ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೆ ಭೂಮಿ ಅದೇ ದಾರಿಯಲ್ಲಿ, ಅದೇ 365 ದಿನಕ್ಕೊಮ್ಮೆ ಸುತ್ತುತ್ತದೆ. ನಾವು ಚಳಿಗೆ ಸಾಯುತ್ತೇವೆ, ಅದು ಬೇರೆ ಮಾತು. ದೂರದಲ್ಲಿರುವವರಿಗೆ ಕಪ್ಪುಕುಳಿಯ ಸೆಳೆತ ಅಷ್ಟೇ ತೂಕದ ನಕ್ಷತ್ರದ ಸೆಳೆತದಂತೆಯೇ. ತೀರಾ ಹತ್ತಿರ ಹೋದರೆ ಮಾತ್ರ ವ್ಯತ್ಯಾಸ.

ನಮ್ಮ ಸೂರ್ಯನೂ ಒಂದಿನ ಕಪ್ಪುಕುಳಿ ಆಗ್ತಾನಾ?

ಆಗುವುದಿಲ್ಲ, ಅಷ್ಟು ತೂಕ ಅವನಿಗಿಲ್ಲ. ಇನ್ನು ಸುಮಾರು 500 ಕೋಟಿ ವರ್ಷದ ಮೇಲೆ ಊದಿ ಕೆಂಪಾಗುತ್ತಾನೆ. ಮೈಮೇಲಿನ ಅನಿಲ ಕಳಚಿಹೋಗಿ ಭೂಮಿಯಷ್ಟು ಗಾತ್ರದ ಬಿಸಿ ಉಂಡೆ ಉಳಿಯುತ್ತದೆ. ಅದೇ ಶ್ವೇತಕುಬ್ಜ. ಆಮೇಲೆ ತಣ್ಣಗಾಗುವುದಷ್ಟೇ ಕೆಲಸ.

ಆರಿದ್ರಾ ನಕ್ಷತ್ರ ಸಿಡಿಯುತ್ತೆ ಅಂತಾರಲ್ಲ, ನಮಗೇನಾದ್ರೂ ಅಪಾಯ ಇದೆಯಾ?

"ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎಂದು ಮಳೆ ಕಾಯುವ ನಮಗೆ ಈ ಹೆಸರು ಹಳೆಯದು. ಮೃಗಶಿರ ಕಾಣುವ ಕಡೆಯೇ ಕೆಂಪಗೆ ಹೊಳೆಯುವ ಆ ನಕ್ಷತ್ರಕ್ಕೆ ಇಂಗ್ಲಿಷಿನಲ್ಲಿ ಬೀಟಲ್‌ಜ್ಯೂಸ್ ಎನ್ನುತ್ತಾರೆ. ಸಿಡಿಯುವುದು ನಿಜ. ಆದರೆ ನಾಳೆಯೇ ಅಲ್ಲ, ಇನ್ನೂ ಲಕ್ಷ ವರ್ಷ ಹಿಡಿದರೂ ಹಿಡಿಯಬಹುದು. 2019ರ ಕೊನೆಗೆ ಅದು ಮಂಕಾದಾಗ ದೊಡ್ಡ ಗುಲ್ಲೆದ್ದಿತು. ನೋಡಿದರೆ ಅದೇ ಉಗುಳಿದ ಧೂಳು ಅದಕ್ಕೇ ಅಡ್ಡ ಬಂದಿತ್ತು. ಅದು 500ರಿಂದ 700 ಜ್ಯೋತಿರ್ವರ್ಷ ದೂರದಲ್ಲಿದೆ, ಹಾಗಾಗಿ ಸಿಡಿದರೂ ನಮಗೆ ತೊಂದರೆಯಿಲ್ಲ. ಹಗಲಲ್ಲೇ ಕಾಣುವಷ್ಟು ಹೊಳೆಯಬಹುದು. ಉಳಿಯುವುದು ಬಹುಶಃ ನ್ಯೂಟ್ರಾನ್ ತಾರೆ (ನ್ಯೂಟ್ರಾನ್ ಕಣಗಳೇ ಒತ್ತೊತ್ತಾಗಿ ತುಂಬಿದ ಪುಟ್ಟ ಉಂಡೆ), ಕಪ್ಪುಕುಳಿ ಅಲ್ಲ.

## ಕುಸಿತ

ಲಕ್ಷಾಂತರ ವರ್ಷ ನೆಟ್ಟಗೆ ನಿಂತಿದ್ದ ನಕ್ಷತ್ರ ಇದ್ದಕ್ಕಿದ್ದ ಹಾಗೆ ಯಾಕೆ ಕುಸಿಯುತ್ತೆ?

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ನಕ್ಷತ್ರ "ನಿಂತಿದೆ" ಅನ್ನುವುದೇ ಅರ್ಧ ಸುಳ್ಳು. ಹುಟ್ಟಿದ ಕ್ಷಣದಿಂದ ಅದರ ತೂಕ ಅದನ್ನೇ ಒಳಗೆ ತಳ್ಳುತ್ತಿರುತ್ತದೆ. ಒಲೆ ಉರಿಯುತ್ತಿರುವಷ್ಟು ದಿನ ಬಿಸಿಯ ಒತ್ತಡ ಅದನ್ನು ತಡೆದಿರುತ್ತದೆ.

ಸೂರ್ಯನ 20-25ರಷ್ಟು ತೂಕದ ನಕ್ಷತ್ರವನ್ನು ತೆಗೆದುಕೊಳ್ಳಿ. ಹೈಡ್ರೋಜನ್ ಸುಟ್ಟು ಹೀಲಿಯಂ ಮಾಡಲು ಅದಕ್ಕೆ ಕೆಲವು ದಶಲಕ್ಷ ವರ್ಷ ಸಿಗುತ್ತದೆ. ಹೀಲಿಯಂ ಅದರ ಹತ್ತನೇ ಒಂದು ಪಾಲಿನಷ್ಟು ಕಾಲದಲ್ಲಿ ತೀರುತ್ತದೆ. ಕಾರ್ಬನ್ ಕೆಲವು ನೂರು ವರ್ಷ. ಆಮ್ಲಜನಕ ತಿಂಗಳುಗಳ ಲೆಕ್ಕ. ಕೊನೆಗೆ ಸಿಲಿಕಾನ್ ಉರಿದು ಕಬ್ಬಿಣವಾಗುತ್ತದೆ, ಅದಕ್ಕೆ ಹಿಡಿಯುವುದು ಸುಮಾರು ಒಂದು ದಿನ! ಒಂದೊಂದು ಸೌದೆಯೂ ಹಿಂದಿನದಕ್ಕಿಂತ ಬೇಗ ತೀರುತ್ತದೆ.

ಕಬ್ಬಿಣ ಈ ಒಲೆಯ ಬೂದಿ. ಅದರ ಪರಮಾಣು ಬೀಜಗಳನ್ನು ಬೆಸೆದರೂ ಶಕ್ತಿ ಬರದು, ಒಡೆದರೂ ಬರದು. ನಡುವೆ ಸುಮಾರು ಭೂಮಿಯಷ್ಟು ಗಾತ್ರದ ಕಬ್ಬಿಣದ ಉಂಡೆ ಕೂರುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಎಲೆಕ್ಟ್ರಾನ್‌ಗಳ ಒತ್ತಡ. ಉಂಡೆಯ ತೂಕ ಸೂರ್ಯನ ಸುಮಾರು ಒಂದೂವರೆ ಪಟ್ಟಿನ ಆಸುಪಾಸಿಗೆ ಬಂದಾಗ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಬಿಸಿ ಎಷ್ಟು ಏರುತ್ತದೆ ಅಂದರೆ ಬೆಳಕಿನ ಕಣಗಳೇ ಕಬ್ಬಿಣದ ಬೀಜಗಳನ್ನು ಒಡೆದು ಶಕ್ತಿ ನುಂಗುತ್ತವೆ. ಜೊತೆಗೆ ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳೊಳಗೆ ತುರುಕಿಕೊಂಡು ನ್ಯೂಟ್ರಾನ್ ಆಗಿಬಿಡುತ್ತವೆ. ಚಪ್ಪರವನ್ನು ಹೊತ್ತ ಕಂಬಗಳೇ ಮಾಯವಾದ ಹಾಗೆ. ಬೆಳಕಿನ ವೇಗದ ಕಾಲು ಭಾಗದಷ್ಟು ವೇಗದಲ್ಲಿ, ಒಂದು ಸೆಕೆಂಡಿನೊಳಗೆ, ಆ ಉಂಡೆ ಕೆಲವು ಹತ್ತು ಕಿಲೋಮೀಟರಿಗೆ ಇಳಿಯುತ್ತದೆ. ಮೇಲಿನ ಪದರಗಳಿಗೆ ಸುದ್ದಿ ಮುಟ್ಟುವ ಮೊದಲೇ ಬುಡ ಖಾಲಿ.

ಇದು ಬರೀ ಲೆಕ್ಕ ಅಲ್ಲ ಎಂದು ಗೊತ್ತಾದದ್ದು 1987ರ ಫೆಬ್ರವರಿ 23ರಂದು. ನೆರೆಯ ಪುಟ್ಟ ಗ್ಯಾಲಕ್ಸಿಯೊಂದರಲ್ಲಿ ನಕ್ಷತ್ರ ಸಿಡಿಯಿತು. ಬೆಳಕು ಕಾಣುವುದಕ್ಕೆ ಕೆಲವು ಗಂಟೆ ಮೊದಲೇ ಜಪಾನ್, ಅಮೆರಿಕ, ಸೋವಿಯತ್ ರಷ್ಯಾದ ನೆಲದಡಿಯ ಉಪಕರಣಗಳಲ್ಲಿ ಎಲ್ಲ ಸೇರಿ ಸುಮಾರು ಎರಡು ಡಜನ್ ನ್ಯೂಟ್ರಿನೊಗಳು, ಅಂದರೆ ಹೆಚ್ಚುಕಡಿಮೆ ಎಲ್ಲದರ ಮೂಲಕ ತೂರಿಹೋಗುವ ಹಗುರ ಕಣಗಳು, ಸಿಕ್ಕವು. ಕುಸಿತದ ಶಕ್ತಿಯಲ್ಲಿ ನೂರಕ್ಕೆ 99 ಪಾಲು ಹೊತ್ತೊಯ್ಯುವುದು ಈ ನ್ಯೂಟ್ರಿನೊಗಳೇ. ಅಂದಹಾಗೆ, ನಮ್ಮ ಗಾಳಿಯಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಮೊದಲು ಹಿಡಿದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ. ಕೆಜಿಎಫ್ ಅಂದರೆ ಈಗ ಬೇರೇನೋ ನೆನಪಾಗುತ್ತದೆ, ಇರಲಿ.

ಚಂದ್ರಶೇಖರ್ ಮಿತಿ 1.4 ಅಂತಾರೆ. ಆ ಸಂಖ್ಯೆ ಎಲ್ಲಿಂದ ಬಂತು?

ಎಲೆಕ್ಟ್ರಾನ್‌ಗಳಿಗೆ ಒಂದು ಶಿಸ್ತಿದೆ. ಒಂದು ಸೀಟಿಗೆ ಒಬ್ಬರೇ. ಹಿಂಡಿದಷ್ಟೂ ಕೆಳಗಿನ ಸೀಟೆಲ್ಲ ತುಂಬಿ, ಉಳಿದವು ಹೆಚ್ಚು ವೇಗದ ಸೀಟುಗಳಿಗೆ ಹೋಗಲೇಬೇಕು. ಆ ವೇಗವೇ ಒತ್ತಡ. ಇದಕ್ಕೆ ಬಿಸಿ ಬೇಡ, ಒಲೆ ಆರಿದ ಮೇಲೂ ಇರುತ್ತದೆ. ಹಾಗಾಗಿ ಎಲ್ಲ ನಕ್ಷತ್ರಗಳೂ ಶ್ವೇತಕುಬ್ಜವಾಗಿ ನೆಮ್ಮದಿಯಾಗಿರುತ್ತವೆ ಎಂದು ಆಗಿನವರು ನಂಬಿದ್ದರು.

1930ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ 19ರ ಹುಡುಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಒಂದು ಪ್ರಶ್ನೆ ಹಾಕಿಕೊಂಡರು. ಆ ಎಲೆಕ್ಟ್ರಾನ್‌ಗಳ ವೇಗ ಬೆಳಕಿನ ವೇಗವನ್ನೇ ಮುಟ್ಟಲು ಹೊರಟರೆ? ಬೆಳಕಿನ ವೇಗ ದಾಟಲು ಆಗದು. ಆದ್ದರಿಂದ ಹಿಂಡಿದಷ್ಟು ಒತ್ತಡ ಏರುವುದಿಲ್ಲ. ತೂಕ ಮಾತ್ರ ಏರುತ್ತಲೇ ಇರುತ್ತದೆ. ಸೂರ್ಯನ 1.4 ಪಟ್ಟು ದಾಟಿದರೆ ತೂಕ ಗೆಲ್ಲುತ್ತದೆ.

1935ರಲ್ಲಿ ಲಂಡನ್ನಿನ ಸಭೆಯಲ್ಲಿ ಆರ್ಥರ್ ಎಡಿಂಗ್ಟನ್ ಎಲ್ಲರೆದುರು ಇದನ್ನು ಗೇಲಿ ಮಾಡಿದರು. ನಕ್ಷತ್ರ ಹಾಗೆಲ್ಲ ಕುಸಿಯದಂತೆ ಪ್ರಕೃತಿಯಲ್ಲಿ ಏನಾದರೂ ನಿಯಮ ಇರಲೇಬೇಕು ಎಂಬುದು ಅವರ ವಾದ. ಆಗಿನ ದೊಡ್ಡ ಹೆಸರು ಅವರದು, ಎದುರಾಡುವವರು ಯಾರು? ಚಂದ್ರಶೇಖರ್ ಕೆಲವು ವರ್ಷಗಳಲ್ಲಿ ವಿಷಯವನ್ನೇ ಬಿಟ್ಟು ಬೇರೆ ಕೆಲಸ ಹಿಡಿದರು. ನೊಬೆಲ್ ಬಂದದ್ದು 1983ರಲ್ಲಿ. ಬೆಂಗಳೂರಿನಲ್ಲಿ ಬಹುಕಾಲ ಕಳೆದ ಸಿ. ವಿ. ರಾಮನ್ ಈ ಚಂದ್ರಶೇಖರ್‌ಗೆ ಚಿಕ್ಕಪ್ಪ.

ಎಲ್ಲ ದೊಡ್ಡ ನಕ್ಷತ್ರಗಳೂ ಸಿಡಿದ ಮೇಲೇ ಕಪ್ಪುಕುಳಿ ಆಗೋದಾ?

ಇಲ್ಲ. ಕುಸಿದ ನಡುಭಾಗ ನ್ಯೂಟ್ರಾನ್ ತಾರೆಯಾಗಿ ಗಟ್ಟಿಯಾದರೆ ಬೀಳುವ ಪದರಗಳು ಅದಕ್ಕೆ ಬಡಿದು ಪುಟಿಯುತ್ತವೆ. ನ್ಯೂಟ್ರಿನೊಗಳು ಹಿಂದಿನಿಂದ ನೂಕಿ ಕೊಡುತ್ತವೆ. ನೂಕು ಸಾಕಾದರೆ ಸೂಪರ್ನೋವಾ, ಅಂದರೆ ನಕ್ಷತ್ರದ ಮಹಾಸಿಡಿತ. ಸಾಲದಿದ್ದರೆ ಎಲ್ಲ ವಾಪಸ್ ಬಿದ್ದು ತೂಕ ಏರುತ್ತದೆ. ನ್ಯೂಟ್ರಾನ್ ತಾರೆಗೂ ಮಿತಿಯಿದೆ, ಸೂರ್ಯನ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅದನ್ನು ದಾಟಿದರೆ ತಡೆಯುವ ಕಂಬ ಇನ್ನೊಂದಿಲ್ಲ.

ಸದ್ದಿಲ್ಲದೆ ಹೋದಂತೆ ಕಂಡ ನಕ್ಷತ್ರವೂ ಇದೆ. ಎನ್‌ಜಿಸಿ 6946 ಎಂಬ ಗ್ಯಾಲಕ್ಸಿಯಲ್ಲಿ ಸೂರ್ಯನ ಸುಮಾರು 25 ಪಟ್ಟು ತೂಕದ್ದು 2009ರಲ್ಲಿ ಸ್ವಲ್ಪ ಹೊಳೆದು ಆಮೇಲೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಮಾಯವಾಯಿತು. ಅದೇ ಜಾಗದಲ್ಲಿ ವೆಬ್ ಟೆಲಿಸ್ಕೋಪ್ ಇನ್‌ಫ್ರಾರೆಡ್ ಬೆಳಕು ಕಂಡಿದೆ, ಹಾಗಾಗಿ ವಾದ ಮುಗಿದಿಲ್ಲ. "ಇಷ್ಟು ತೂಕ ದಾಟಿದರೆ ಕಪ್ಪುಕುಳಿ" ಎಂದು ಪುಸ್ತಕಗಳಲ್ಲಿ ಗೆರೆ ಎಳೆದಿರುತ್ತಾರೆ. ಆ ಗೆರೆಯನ್ನು ಜಾಸ್ತಿ ನಂಬಬೇಡಿ. ನಕ್ಷತ್ರ ಬದುಕಿದ್ದಾಗ ಎಷ್ಟು ಅನಿಲ ಕಳೆದುಕೊಂಡಿತು, ನಡುಭಾಗ ಎಷ್ಟು ಒತ್ತಾಗಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ದಿಗಂತದ ಹತ್ತಿರ ಕಾಲ ನಿಲ್ಲುತ್ತೆ ಅಂತೀರಿ. ಹಾಗಾದ್ರೆ ಕಪ್ಪುಕುಳಿ ಹುಟ್ಟೋದೇ ಇಲ್ಲ ಅಲ್ವಾ?

ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರು ಕೇಳಿದ್ದು. ಪ್ರಶ್ನೆ ಸರಿಯಾಗಿಯೇ ಇದೆ. ಕುಸಿಯುವ ಧೂಳಿನ ಉಂಡೆಯ ಲೆಕ್ಕವನ್ನು 1938ರಲ್ಲಿ ಕೋಲ್ಕತ್ತದ ಬಿ. ದತ್ ಬಿಡಿಸಿದ್ದರು. ಅದರಿಂದ ಕಪ್ಪುಕುಳಿ ಹುಟ್ಟುತ್ತದೆ ಎಂದು 1939ರಲ್ಲಿ ತೋರಿಸಿದವರು ರಾಬರ್ಟ್ ಓಪನ್‌ಹೈಮರ್ ಮತ್ತು ಹಾರ್ಟ್‌ಲ್ಯಾಂಡ್ ಸ್ನೈಡರ್. ಆ ಪ್ರಬಂಧ ಅಚ್ಚಾದ ದಿನವೇ ಎರಡನೇ ಮಹಾಯುದ್ಧ ಶುರುವಾಯಿತು.

ಉಂಡೆಯ ಮೈಮೇಲೆ ಕೂತವನ ಗಡಿಯಾರದಲ್ಲಿ ಎಲ್ಲ ಬೇಗ ಮುಗಿಯುತ್ತದೆ. ಅವನು ಗಡಿ ದಾಟುತ್ತಾನೆ, ಒಳಗೂ ಹೋಗುತ್ತಾನೆ. ದೂರದಲ್ಲಿ ನಿಂತವನಿಗೆ ಅವನಿಂದ ಬರುವ ಬೆಳಕು ತಡವಾಗುತ್ತಾ, ಕೆಂಪಾಗುತ್ತಾ ಹೋಗುತ್ತದೆ. ನಿಂತಂತೆ ಕಾಣುವುದು ಹೊರಬರುವ ಸುದ್ದಿಯೇ ಹೊರತು ಬೀಳುವವನಲ್ಲ. ಆ ಸುದ್ದಿಯೂ ಜಾಸ್ತಿ ಹೊತ್ತು ಬರುವುದಿಲ್ಲ. ನಕ್ಷತ್ರದಷ್ಟು ತೂಕದ ಕಪ್ಪುಕುಳಿಯಾದರೆ ಸೆಕೆಂಡಿನ ಸಣ್ಣ ಪಾಲಿನಲ್ಲಿ ಪೂರ್ತಿ ಕತ್ತಲು.

## ಪುರಾವೆ

ಕಾಣದೇ ಇರೋದನ್ನ ಇದೆ ಅಂತ ಹೇಗೆ ಹೇಳ್ತೀರಿ?

ಗಾಳಿ ಕಾಣದಿದ್ದರೂ ತೆಂಗಿನ ಗರಿ ಅಲ್ಲಾಡುತ್ತದಲ್ಲ, ಹಾಗೆ. ನಮ್ಮ ಕ್ಷೀರಪಥದ ನಡುವೆ ಎಸ್2 ಎಂಬ ನಕ್ಷತ್ರ ಏನೂ ಕಾಣದ ಜಾಗವೊಂದನ್ನು 16 ವರ್ಷಕ್ಕೊಮ್ಮೆ ಸುತ್ತುತ್ತದೆ. ಅಲ್ಲಿರುವುದು ಸೂರ್ಯನ 40 ಲಕ್ಷ ಪಟ್ಟು ತೂಕ. ಸಿಗ್ನಸ್ ಎಕ್ಸ್-1ರಲ್ಲಿ ಸುಮಾರು 21 ಸೂರ್ಯರಷ್ಟು ತೂಕದ ಕಾಣದ ಜೊತೆಗಾರ ಪಕ್ಕದ ನಕ್ಷತ್ರದ ಅನಿಲ ಎಳೆದುಕೊಳ್ಳುತ್ತಿದೆ. ಬೀಳುವ ಅನಿಲ ಕಾದು ಎಕ್ಸ್-ಕಿರಣ ಸೂಸುತ್ತದೆ. ಇಂಥದ್ದನ್ನು ನೋಡಲೆಂದೇ ಇಸ್ರೋ 2015ರಲ್ಲಿ ಆಸ್ಟ್ರೋಸ್ಯಾಟ್, 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಹಾರಿಸಿತು. ಎಕ್ಸ್‌ಪೋಸ್ಯಾಟ್‌ನ ಒಂದು ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು. 2019ರಲ್ಲಿ ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ನೆರಳಿನ ಚಿತ್ರವೂ ಬಂತು. ತೂಕ 650 ಕೋಟಿ ಸೂರ್ಯರಷ್ಟು.

ವಿಶ್ವೇಶ್ವರ ಅವರು ಕಪ್ಪುಕುಳಿಯ ಸದ್ದು ಕಂಡುಹಿಡಿದರು ಅಂತ ಓದಿದೆ. ಹಾಗಂದ್ರೆ ಏನು?

ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು ಎಂದು ಹಲವರಿಗೆ ಗೊತ್ತು. ಕಂಚಿನ ಪಾತ್ರೆ ಬಿದ್ದರೆ ಅಡುಗೆಮನೆಯಲ್ಲಿರುವ ಅಮ್ಮ ಸದ್ದಿನ ಮೇಲೇ ಯಾವ ಪಾತ್ರೆ ಎಂದು ಹೇಳುತ್ತಾಳೆ. ಕಪ್ಪುಕುಳಿಗೂ ಹಾಗೇ ಒಂದು ಏಟು ಕೊಟ್ಟರೆ? 1970ರಲ್ಲಿ ಅವರು ಇದನ್ನು ಲೆಕ್ಕ ಹಾಕಿದರು. ಕಪ್ಪುಕುಳಿ ಒಂದು ಸ್ವರದಲ್ಲಿ ಅಲುಗಿ ಬೇಗನೆ ಸುಮ್ಮನಾಗುತ್ತದೆ. ಆ ಸ್ವರ ಅದರ ತೂಕ ಮತ್ತು ತಿರುಗುವಿಕೆಯ ಮೇಲಷ್ಟೇ ನಿಂತಿದೆ. ಏಟು ಹೇಗೆ ಬಿತ್ತು ಎಂಬುದಕ್ಕೂ ಸ್ವರಕ್ಕೂ ಸಂಬಂಧವಿಲ್ಲ.

2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಹಿಡಿಯುವ ಅಮೆರಿಕದ ಲೈಗೊ ಉಪಕರಣಗಳಿಗೆ 130 ಕೋಟಿ ಜ್ಯೋತಿರ್ವರ್ಷ ದೂರದ ಅಂಥ ಅಲೆಯೊಂದು ಸಿಕ್ಕಿತು. ಸುಮಾರು 36 ಮತ್ತು 29 ಸೂರ್ಯರಷ್ಟು ತೂಕದ ಎರಡು ಕಪ್ಪುಕುಳಿ ಸೇರಿ 62ರದ್ದೊಂದು ಆಗಿತ್ತು. ಉಳಿದ 3 ಸೂರ್ಯರ ತೂಕ ಅಲೆಯಾಗಿ ಹೋಯಿತು. ಕೊನೆಯಲ್ಲಿ ಕಂಡ ಆ ಸಣ್ಣಗಾಗುವ ಅಲುಗಾಟ ವಿಶ್ವೇಶ್ವರ ಹೇಳಿದಂಥದ್ದೇ. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ಅವರು ಇದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು.

## ಕ್ವಾಂಟಂ ಕಡೆಗೆ

ನಟ್ಟನಡುವೆ ಇರೋ ಸಿಂಗ್ಯುಲಾರಿಟಿ ನಿಜವಾಗಿ ಒಂದು ವಸ್ತುನಾ?

ಕುಸಿದದ್ದೆಲ್ಲ ಒಂದೆಡೆ ಸೇರಿ ಲೆಕ್ಕ ಅನಂತಕ್ಕೆ ಹೋಗುವ ಜಾಗಕ್ಕೆ ಸಿಂಗ್ಯುಲಾರಿಟಿ ಎನ್ನುತ್ತಾರೆ. ನನ್ನ ಪ್ರಕಾರ ಅದು ವಸ್ತುವಲ್ಲ, "ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ" ಎಂದು ಐನ್‌ಸ್ಟೈನ್ ಸಮೀಕರಣ ಕೈ ಎತ್ತುವ ಜಾಗ. ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಒಂದು ಸಮೀಕರಣ ಕೊಟ್ಟರು. ಗುರುತ್ವ ಸೆಳೆಯುತ್ತಲೇ ಇದ್ದರೆ ಒಟ್ಟಿಗೆ ಸಾಗುವ ದಾರಿಗಳು ಒಂದೆಡೆ ಕೂಡಲೇಬೇಕು ಎನ್ನುತ್ತದೆ ಅದು. ಅದೇ ಜಾಡಿನಲ್ಲಿ ರೋಜರ್ ಪೆನ್‌ರೋಸ್ 1965ರಲ್ಲಿ, ಉಂಡೆ ಸರಿಯಾಗಿ ದುಂಡಗಿರದಿದ್ದರೂ ಕುಸಿತ ಒಂದು ಮಿತಿ ದಾಟಿದರೆ ಸಿಂಗ್ಯುಲಾರಿಟಿ ತಪ್ಪಿದ್ದಲ್ಲ ಎಂದು ಸಾಧಿಸಿದರು. 2020ರ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂತು. ಅತಿ ಸಣ್ಣ ಕಣಗಳ ಕ್ವಾಂಟಂ ನಿಯಮಗಳನ್ನೂ ಗುರುತ್ವವನ್ನೂ ಕೂಡಿಸುವ ಪೂರ್ತಿ ಸಿದ್ಧಾಂತ (ಕ್ವಾಂಟಂ ಗುರುತ್ವ) ಸಿಕ್ಕಾಗ ಆ ಜಾಗಕ್ಕೆ ಬೇರೆ ವಿವರಣೆ ಬರಬಹುದು ಎಂದು ಬಹಳ ಜನರ ನಿರೀಕ್ಷೆ.

ಹಾಕಿಂಗ್ ವಿಕಿರಣ ಅಂದ್ರೆ ಜೋಡಿ ಕಣ ಹುಟ್ಟಿ ಒಂದು ಒಳಗೆ, ಒಂದು ಹೊರಗೆ. ಇಷ್ಟೇನಾ?

ಆ ಚಿತ್ರ ಬ್ರಿಟನ್ನಿನ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರೇ ಕೊಟ್ಟದ್ದು, ಆದರೆ ಅದು ಮಕ್ಕಳಿಗೆ ಹೇಳುವ ಕತೆಯ ಹಾಗೆ. ಅವರು 1974ರಲ್ಲಿ ಮಾಡಿದ ಲೆಕ್ಕ ಬೇರೆ. ಕ್ವಾಂಟಂ ಲೋಕದಲ್ಲಿ ಖಾಲಿ ಜಾಗವೂ ಪೂರ್ತಿ ಸುಮ್ಮನಿರುವುದಿಲ್ಲ. "ಖಾಲಿ" ಎಂದರೆ ಏನು ಎಂಬುದೂ ನೋಡುವವನ ಮೇಲೆ ನಿಂತಿದೆ. ಕುಸಿತಕ್ಕೆ ಮೊದಲು ಯಾವುದು ಖಾಲಿಯಾಗಿತ್ತೋ ಅದೇ, ಕುಸಿತ ಮುಗಿದು ದಿಗಂತ ಹುಟ್ಟಿದ ಮೇಲೆ, ದೂರದವನಿಗೆ ಬೆಚ್ಚಗಿನ ಕಣಗಳಿಂದ ತುಂಬಿದಂತೆ ಕಾಣುತ್ತದೆ. ಆ ಕಣಗಳ ತರಂಗದ ಉದ್ದ ಹೆಚ್ಚುಕಮ್ಮಿ ಕಪ್ಪುಕುಳಿಯ ಗಾತ್ರದ್ದೇ. ಹಾಗಾಗಿ ಇಂಥ ಬಿಂದುವಿನಲ್ಲೇ ಹುಟ್ಟಿತು ಎಂದು ಬೆರಳಿಟ್ಟು ತೋರಿಸಲು ಬರದು. ಕಣಗಳು ಹೊರಹೋದಷ್ಟೂ ಕಪ್ಪುಕುಳಿಯ ತೂಕ ಇಳಿಯುತ್ತದೆ, ಕರಗುವುದು ಅಂದರೆ ಇದೇ.

ಸೂರ್ಯನ ತೂಕದ ಕಪ್ಪುಕುಳಿಯ ಬಿಸಿ ಒಂದು ಕೆಲ್ವಿನ್‌ನ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಸುತ್ತಲಿನ ಆಕಾಶವೇ 2.7 ಕೆಲ್ವಿನ್ ಇದೆ. ಹಾಗಾಗಿ ಈಗ ಅದು ಕರಗುವುದಕ್ಕಿಂತ ಉಣ್ಣುವುದೇ ಜಾಸ್ತಿ. ಆಕಾಶ ತಣ್ಣಗಾದ ಮೇಲೆ ಪೂರ್ತಿ ಆವಿಯಾಗಲು 1ರ ಮುಂದೆ 67 ಸೊನ್ನೆ ಹಾಕಿದಷ್ಟು ವರ್ಷ ಬೇಕು. ಚಿಕ್ಕದಾದಷ್ಟೂ ಬಿಸಿ ಏರುತ್ತದೆ, ಇದೊಂದು ವಿಚಿತ್ರ.

ಕಪ್ಪುಕುಳಿಯ ಎಂಟ್ರೊಪಿ ಮೇಲ್ಮೈಗೆ ಯಾಕೆ ಸೇರಿದ್ದು? ಒಳಗಿನ ಜಾಗಕ್ಕೆ ಯಾಕಲ್ಲ?

ಎಂಟ್ರೊಪಿ ಅಂದರೆ ಹೊರಗಿನಿಂದ ಒಂದೇ ಥರ ಕಾಣುವ ವಸ್ತುವಿನ ಒಳಗೆ ಎಷ್ಟು ಬಗೆಯ ಜೋಡಣೆ ಸಾಧ್ಯ ಎಂಬ ಲೆಕ್ಕ. ಜಾನ್ ವೀಲರ್ ತಮ್ಮ ವಿದ್ಯಾರ್ಥಿ ಜೇಕಬ್ ಬೆಕೆನ್‌ಸ್ಟೈನ್‌ಗೆ ಹೇಳಿದ ಚೇಷ್ಟೆ ಇದು: ಬಿಸಿ ಚಹಾವನ್ನು ತಣ್ಣನೆಯದಕ್ಕೆ ಬೆರೆಸಿ ಎಂಟ್ರೊಪಿ ಹೆಚ್ಚಿಸಿದ ತಪ್ಪು ಮಾಡಿದ್ದೇನೆ, ಕಪ್ಪುಕುಳಿಗೆ ಎಸೆದುಬಿಟ್ಟರೆ ಸಾಕ್ಷಿಯೇ ಇರುವುದಿಲ್ಲ ಅಲ್ವಾ? ಬೆಕೆನ್‌ಸ್ಟೈನ್ ಒಪ್ಪಲಿಲ್ಲ. ಏನೇ ಎಸೆದರೂ ದಿಗಂತದ ವಿಸ್ತೀರ್ಣ ಹೆಚ್ಚುತ್ತದೆ, ಎಸೆದದ್ದರ ಲೆಕ್ಕ ಅಲ್ಲೇ ಬರೆದಿದೆ ಎಂದರು. ಹಾಕಿಂಗ್ ಮೊದಲು ಸಿಟ್ಟಾದರು, ಆಮೇಲೆ ತಮ್ಮ ಲೆಕ್ಕದಿಂದಲೇ ಅದನ್ನು ಖಚಿತ ಮಾಡಬೇಕಾಯಿತು.

ಕ್ವಾಂಟಂ ಕರಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ವಿಸ್ತೀರ್ಣ ಕಡಿಮೆಯಾಗದು ಎಂಬ ಹಾಕಿಂಗ್ ಅವರ 1971ರ ನಿಯಮಕ್ಕೆ 2025ರ ಜನವರಿ 14ರಂದು ಸಿಕ್ಕ ಅಲೆಯಿಂದ ಒಳ್ಳೆ ಪುರಾವೆ ಬಂತು. ಸೇರುವ ಮೊದಲು ಎರಡೂ ಕಪ್ಪುಕುಳಿಗಳ ವಿಸ್ತೀರ್ಣ ಒಟ್ಟು 2.4 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಸೇರಿದ ಮೇಲೆ ಸುಮಾರು 4 ಲಕ್ಷ.

ಒಳಜಾಗ ಯಾಕಲ್ಲ ಎಂಬುದೇ ದೊಡ್ಡ ಒಗಟು. ಉಗ್ರಾಣದಲ್ಲಿ ಎಷ್ಟು ಮೂಟೆ ಹಿಡಿಯುತ್ತದೆ ಎಂಬುದು ಒಳಜಾಗದ ಮೇಲಿರುತ್ತದೆ, ಗೋಡೆಯ ಸುಣ್ಣದ ಮೇಲಲ್ಲ. ಇಲ್ಲಿ ತಿರುಗುಮುರುಗು. ಗುರುತ್ವ ಇರುವ ಲೋಕದಲ್ಲಿ ಒಂದು ಜಾಗದ ಪೂರ್ತಿ ಮಾಹಿತಿ ಅದರ ಅಂಚಿನಲ್ಲೇ ಹಿಡಿಯುತ್ತದೆ ಎಂಬ ಯೋಚನೆ ಇಲ್ಲಿಂದ ಬಂತು. 1997ರಲ್ಲಿ ಹುವಾನ್ ಮಾಲ್ಡಸೀನಾ ಅದಕ್ಕೆ ಗಟ್ಟಿ ಉದಾಹರಣೆ ಕೊಟ್ಟರು. ಅದಕ್ಕೂ ಒಂದು ವರ್ಷ ಮೊದಲು ಸ್ಟ್ರಾಮಿಂಜರ್ ಮತ್ತು ವಾಫಾ, ಕಣಗಳನ್ನು ಕಂಪಿಸುವ ಸಣ್ಣ ತಂತಿಗಳೆಂದು ನೋಡುವ ಸ್ಟ್ರಿಂಗ್ ಸಿದ್ಧಾಂತದ ವಿಶೇಷ ಬಗೆಯ ಕಪ್ಪುಕುಳಿಗಳಲ್ಲಿ ಜೋಡಣೆಗಳನ್ನು ನಿಜವಾಗಿಯೇ ಎಣಿಸಿ ವಿಸ್ತೀರ್ಣದ ಲೆಕ್ಕಕ್ಕೆ ತಾಳೆ ಹಾಕಿದ್ದರು.

ಮಾಹಿತಿ ಕಳೆದುಹೋದ್ರೆ ಹೋಗ್ಲಿ ಬಿಡಿ, ಅದಕ್ಯಾಕೆ ಇಷ್ಟು ಗಲಾಟೆ?

ಪುಸ್ತಕ ಸುಟ್ಟರೆ ಓದಲು ಆಗದು. ಆದರೆ ಹೊಗೆ, ಬೂದಿ, ಬೆಳಕು ಎಲ್ಲವನ್ನೂ ಚೂರೂ ಬಿಡದೆ ಅಳೆದರೆ ಪುಸ್ತಕದಲ್ಲಿ ಏನಿತ್ತೆಂದು ತಾತ್ವಿಕವಾಗಿ ಹೇಳಬಹುದು. ಕ್ವಾಂಟಂ ನಿಯಮದ ಬೆನ್ನೆಲುಬು ಇದು. ಹಾಕಿಂಗ್ ಲೆಕ್ಕದಂತೆ ಕಪ್ಪುಕುಳಿಯ ಬಿಸಿಗೆ ಅದರ ತೂಕ, ತಿರುಗುವಿಕೆ ಮತ್ತು ವಿದ್ಯುತ್ತು ಮಾತ್ರ ಗೊತ್ತು. ಪುಸ್ತಕ ಎಸೆದರೂ ಅದೇ ಬಿಸಿ, ಕಲ್ಲು ಎಸೆದರೂ ಅದೇ ಬಿಸಿ. ಕಪ್ಪುಕುಳಿ ಪೂರ್ತಿ ಕರಗಿದ ಮೇಲೆ ಪುಸ್ತಕದ ಕತೆ ಎಲ್ಲಿ ಹೋಯಿತು? ಒಂದು ಕಡೆ ಬಿಟ್ಟುಕೊಟ್ಟರೆ ಇಡೀ ಕ್ವಾಂಟಂ ಭೌತವಿಜ್ಞಾನ ಸಡಿಲವಾಗುತ್ತದೆ. ಗಲಾಟೆ ಅದಕ್ಕೆ.

1997ರಲ್ಲಿ ಇದರ ಮೇಲೆ ಪಂದ್ಯವೇ ನಡೆಯಿತು. ಹಾಕಿಂಗ್ ಮತ್ತು ಕಿಪ್ ಥಾರ್ನ್ ಮಾಹಿತಿ ಹೋಗುತ್ತದೆ ಎಂದರು, ಜಾನ್ ಪ್ರೆಸ್ಕಿಲ್ ಇಲ್ಲ ಎಂದರು. 2004ರಲ್ಲಿ ಹಾಕಿಂಗ್ ಸೋಲೊಪ್ಪಿ ಬೇಸ್‌ಬಾಲ್ ವಿಶ್ವಕೋಶವೊಂದನ್ನು ಕೊಟ್ಟರು. ಥಾರ್ನ್ ಒಪ್ಪಲಿಲ್ಲ.

ಡಾನ್ ಪೇಜ್ 1993ರಲ್ಲೇ ಒಂದು ಪರೀಕ್ಷೆ ಹೇಳಿದ್ದರು. ಹೊರಬಂದ ವಿಕಿರಣಕ್ಕೂ ಕಪ್ಪುಕುಳಿಗೂ ನಡುವಿನ ಕ್ವಾಂಟಂ ನಂಟನ್ನು (ಬಿಡಿಬಿಡಿಯಾಗಿ ವಿವರಿಸಲಾಗದಂತೆ ಎರಡು ವಸ್ತುಗಳನ್ನು ಕಟ್ಟಿಹಾಕುವ ಸಂಬಂಧ) ಅಳೆಯುತ್ತಾ ಹೋಗಿ. ಮಾಹಿತಿ ಉಳಿಯುವುದಾದರೆ ಆ ನಂಟು ಮೊದಲು ಏರಿ, ಹೆಚ್ಚುಕಡಿಮೆ ಅರ್ಧ ದಾರಿ ಕಳೆದ ಮೇಲೆ ಇಳಿಯಬೇಕು. ಹಾಕಿಂಗ್ ಲೆಕ್ಕದಲ್ಲಿ ಅದು ಏರುತ್ತಲೇ ಹೋಗುತ್ತದೆ. 2019ರಲ್ಲಿ ಪೆನಿಂಗ್ಟನ್ ಒಬ್ಬರೇ, ಅಲ್ಮೇಯ್ರಿ ಮತ್ತು ಜೊತೆಗಾರರು ಬೇರೆಯಾಗಿ, ಗುರುತ್ವದ ಲೆಕ್ಕದಿಂದಲೇ ಇಳಿಯುವ ಗೆರೆ ಪಡೆದರು. ಹೊರಗಿನ ಹಳೆಯ ವಿಕಿರಣದ ಲೆಕ್ಕಕ್ಕೆ ಕಪ್ಪುಕುಳಿಯ ಒಳಗಿನ ಒಂದು ಭಾಗವನ್ನೂ ಸೇರಿಸಬೇಕು ಎಂಬುದು ಅದರ ಗುಟ್ಟು. ಜಮಾ ಖರ್ಚು ಸರಿಹೋಗುತ್ತದೆ ಎಂದು ಇದರಿಂದ ಗೊತ್ತಾಯಿತು. ಯಾವ ಕಣ ಯಾವ ಅಕ್ಷರವನ್ನು ಹೊತ್ತು ಬರುತ್ತದೆ ಎಂಬುದು ಗೊತ್ತಾಗಿಲ್ಲ. "ಬಗೆಹರಿಯಿತು" ಎಂದು ಬರೆದದ್ದು ಕಂಡರೆ ಸ್ವಲ್ಪ ತಡೆದು ಓದಿ.

ದಿಗಂತದಲ್ಲಿ ಬೆಂಕಿಗೋಡೆ ಇದೆ ಅಂತಾರಲ್ಲ? ನೀವು ಏನೂ ಇಲ್ಲ ಅಂದಿದ್ರಿ!

ಸಿಕ್ಕಿಬಿದ್ದೆ. 2012ರಲ್ಲಿ ನಾಲ್ವರು ಒಂದು ವಾದ ಹೂಡಿದರು. ಮಾಹಿತಿ ಹೊರಬರಬೇಕಾದರೆ ಈಗ ಹೊರಟ ಕಣ ಹಿಂದೆ ಹೊರಟವುಗಳ ಜೊತೆ ಪೂರ್ತಿ ನಂಟು ಇಟ್ಟುಕೊಳ್ಳಬೇಕು. ದಿಗಂತ ಸುಮ್ಮನಿರಬೇಕಾದರೆ ಅದೇ ಕಣ ಒಳಗಿನದರ ಜೊತೆ ಪೂರ್ತಿ ನಂಟು ಇಟ್ಟುಕೊಳ್ಳಬೇಕು. ಕ್ವಾಂಟಂ ನಿಯಮ ಎರಡು ಮನೆಯ ನಂಟಸ್ತನ ಒಪ್ಪುವುದಿಲ್ಲ. ಒಳಗಿನ ನಂಟು ಹರಿದರೆ ದಿಗಂತದಲ್ಲಿ ಬೆಂಕಿ. ಹೊರಗಿನದೂ ಒಳಗಿನದೂ ಕಡೆಗೆ ಒಂದೇ, ಬೇರೆ ಬೇರೆ ಎಂದು ಎಣಿಸಿದ್ದೇ ತಪ್ಪು ಎನ್ನುವ ಉತ್ತರದ ಕಡೆ ನನ್ನ ಒಲವು. ದಿಗಂತವೇ ಇಲ್ಲ, ಅಲ್ಲಿರುವುದು ಸ್ಟ್ರಿಂಗ್‌ಗಳ ಗೋಜಲು ಉಂಡೆ ಎನ್ನುವ ಸಮೀರ್ ಮಾಥುರ್ ಅವರದು ಇನ್ನೊಂದು ದಾರಿ.

ಹಾಕಿಂಗ್ ವಿಕಿರಣವನ್ನು ಯಾರಾದ್ರೂ ನೋಡಿದ್ದಾರಾ?

ಆಕಾಶದಲ್ಲಿ ಇಲ್ಲ. ಸತ್ತ ನಕ್ಷತ್ರಗಳಿಂದ ಹುಟ್ಟಿದ ಕಪ್ಪುಕುಳಿಗಳು ತೀರಾ ತಣ್ಣಗಿವೆ. ವಿಶ್ವ ಹುಟ್ಟಿದಾಗಲೇ ಪುಟ್ಟ ಕಪ್ಪುಕುಳಿಗಳು ಆಗಿದ್ದರೆ, 50 ಕೋಟಿ ಟನ್ನಿನ ಆಸುಪಾಸಿನವು ಈಗ ಕೊನೆಯುಸಿರು ಎಳೆಯುತ್ತಿರಬೇಕು. ಒಂದು ಗುಡ್ಡದಷ್ಟು ತೂಕ, ಒಂದು ಪ್ರೋಟಾನ್‌ನಷ್ಟು ಗಾತ್ರ. ಕೊನೆಗೆ ಗಾಮಾ ಕಿರಣದ ಮಿಂಚು ಬರಬೇಕು. ಫರ್ಮಿ ಉಪಗ್ರಹವೂ ಸೇರಿ ಹಲವರು ಹುಡುಕಿದ್ದಾರೆ, ಖಚಿತವಾಗಿ ಒಂದೂ ಸಿಕ್ಕಿಲ್ಲ. ಲ್ಯಾಬಿನಲ್ಲಿ ತಣ್ಣನೆಯ ಪರಮಾಣುಗಳನ್ನು ಸದ್ದಿಗಿಂತ ವೇಗವಾಗಿ ಹರಿಸಿ "ಸದ್ದು ಹೊರಬರದ ಕುಳಿ" ಮಾಡಿದ್ದಾರೆ. ಅಲ್ಲಿ ಹಾಕಿಂಗ್ ಹೇಳಿದ ಬಗೆಯ ಅಲೆ ಕಂಡಿದೆ. ಅದು ಲೆಕ್ಕ ಸರಿಯಿದೆ ಎಂಬುದಕ್ಕೆ ಬೆಂಬಲ, ಗುರುತ್ವದ ಬಗ್ಗೆ ಅದು ಏನೂ ಹೇಳುವುದಿಲ್ಲ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿರುವ ಲೈಗೊ-ಇಂಡಿಯಾ ಈ ವಿಕಿರಣವನ್ನು ಹಿಡಿಯುತ್ತದಾ ಎಂದೂ ಕೇಳುತ್ತಾರೆ. ಇಲ್ಲ, ಅದರ ಕೆಲಸ ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗಿನ ಅಲುಗಾಟ ಕೇಳುವುದು.